ಇವೋ ಆಂದ್ರಿಚ್ ಓದುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇವೋ ಆಂದ್ರಿಚ್ ಯಾರು?

ಬೋಸ್ನಿಯಾದಲ್ಲಿ ಹುಟ್ಟಿ ಬೆಲ್‌ಗ್ರೇಡಿನಲ್ಲಿ ನೆಲೆಸಿದ ಯುಗೊಸ್ಲಾವ್ ಕಾದಂಬರಿಕಾರ, ಕಥೆಗಾರ. ಜೀವಿತಕಾಲ 1892ರಿಂದ 1975. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿದೇಶಾಂಗ ಇಲಾಖೆಯ ನೌಕರಿಯಲ್ಲಿ ಕಳೆಯಿತು, ಹೆಸರು ತಂದ ಕಾದಂಬರಿಗಳನ್ನೆಲ್ಲ ಬರೆದದ್ದು ಆ ನೌಕರಿ ಹೋದ ಮೇಲೆ. 1961ರಲ್ಲಿ ನೊಬೆಲ್ ಬಂತು. ಅವರು ಬರೆದ ಸರ್ಬೋ-ಕ್ರೊಯೇಷಿಯನ್ ಭಾಷೆಗೆ ಸಾಹಿತ್ಯದ ನೊಬೆಲ್ ಬಂದದ್ದು ಅದೊಂದೇ ಸಲ.

ಹೆಸರನ್ನು ಹೇಗೆ ಹೇಳಬೇಕು? ‘ಆಂಡ್ರಿಕ್’ ಎಂದೂ ಕೆಲವರು ಬರೆಯುತ್ತಾರಲ್ಲ?

ಆಂದ್ರಿಚ್. ಕೊನೆಯ ಅಕ್ಷರ ಇಂಗ್ಲಿಷಿನ ‘ಸಿ’ಯಂತೆ ಕಂಡರೂ ಅದರ ನೆತ್ತಿಯ ಮೇಲೊಂದು ಓರೆ ಗೆರೆ ಇದೆ, ಆದ್ದರಿಂದ ಅದು ‘ಚ್’. ಅನೇಕ ಇಂಗ್ಲಿಷ್ ಮುದ್ರಣಗಳಲ್ಲಿ ಆ ಗೆರೆ ಬಿಟ್ಟುಹೋಗಿರುತ್ತದೆ, ‘ಆಂಡ್ರಿಕ್’ ಹುಟ್ಟುವುದು ಅಲ್ಲಿಂದ. ಪಾತ್ರಗಳ ಹೆಸರಿಗೂ ಇದೇ ಎಚ್ಚರ ಬೇಕು. ‘ಜೆ’ ಕಂಡರೆ ‘ಯ’ ಎಂದು ಓದಿ. ಗುರುತಿಲ್ಲದ ‘ಸಿ’ ಕಂಡರೆ ‘ತ್ಸ’. ‘ಎಸ್’ ಮೇಲೆ ಚಿಕ್ಕ ಕೊಕ್ಕೆ ಇದ್ದರೆ ‘ಶ’. ‘ಡಿ’ಯ ಪಕ್ಕ ಕೊಕ್ಕೆ ಹಾಕಿದ ‘ಝಡ್’ ಬಂದರೆ ಎರಡೂ ಸೇರಿ ‘ಜ’. ಇಷ್ಟು ನೆನಪಿಟ್ಟರೆ ಅಲಿಹೋಜಾ, ಚೋರ್ಕಾನ್, ವಿಶೆಗ್ರಾದ್ ಎಲ್ಲವೂ ಸಲೀಸು. ವಜೀರ, ಖಾಜಿ, ವಕ್ಫ್, ಹೋಜಾ ಮುಂತಾದ ಪದಗಳಿಗೆ ಕನ್ನಡ ಓದುಗರು ಅಡಿಟಿಪ್ಪಣಿ ನೋಡಬೇಕಾಗಿಯೇ ಇಲ್ಲ. ‘ದುಚಾನ್’ ನಮ್ಮ ದುಕಾನೇ.

ಬಾಲ್ಯ ಎಲ್ಲಿ ಕಳೆಯಿತು? ತ್ರಾವ್ನಿಕ್ಕೋ ವಿಶೆಗ್ರಾದೋ?

ಎರಡೂ ಸರಿ, ಆದರೆ ಬೇರೆ ಬೇರೆ ಅರ್ಥದಲ್ಲಿ. ಹುಟ್ಟಿದ್ದು 1892ರ ಅಕ್ಟೋಬರ್ 9ರಂದು, ತ್ರಾವ್ನಿಕ್ ಬಳಿಯ ದೋಲಾತ್ಸ್‌ನಲ್ಲಿ. ಬೋಸ್ನಿಯಾ ಆಗ ಹೆಸರಿಗೆ ತುರ್ಕಿ ಸುಲ್ತಾನನದು, ಆಡಳಿತ ಮಾತ್ರ 1878ರಿಂದ ಆಸ್ಟ್ರಿಯಾ-ಹಂಗೆರಿಯ ಕೈಯಲ್ಲಿ. ಮನೆಯವರು ಕ್ಯಾಥೊಲಿಕರು. ಮಗುವಿಗೆ ಎರಡು ವರ್ಷವಾದಾಗ ತಂದೆ ಕ್ಷಯದಿಂದ ತೀರಿಕೊಂಡರು. ಮಗುವನ್ನು ಸಾಕುವಷ್ಟು ಅನುಕೂಲವಿಲ್ಲದ ತಾಯಿ ಅವನನ್ನು ವಿಶೆಗ್ರಾದ್‌ನಲ್ಲಿದ್ದ ಗಂಡನ ಅಕ್ಕತಂಗಿಯ ಮನೆಯಲ್ಲಿ, ಅಂದರೆ ಸೋದರತ್ತೆಯ ಮನೆಯಲ್ಲಿ ಬಿಟ್ಟು ಸರಾಯೆವೊಗೆ ದುಡಿಯಲು ಹೋದರು. ಸೋದರತ್ತೆಯ ಗಂಡನಿಗೆ ಪೊಲೀಸು ನೌಕರಿ. ದ್ರೀನಾ ನದಿಯ ಕಲ್ಲಿನ ಸೇತುವೆ ಆ ಊರಿನಲ್ಲಿದೆ. ಪ್ರಾಥಮಿಕ ಶಾಲೆ ಮುಗಿಯುವ ತನಕ ಹುಡುಗ ಬೆಳೆದದ್ದು ಅದರ ಆಸುಪಾಸಿನಲ್ಲೇ. ಮುಂದೆ ಸರಾಯೆವೊದ ದೊಡ್ಡ ಹೈಸ್ಕೂಲು ಸೇರಿ ಗಣಿತದಲ್ಲಿ ಪೆಟ್ಟು ತಿಂದು ಆರನೆಯ ತರಗತಿಯನ್ನು ಎರಡು ಸಲ ಓದಿದರು. ಮೊದಲ ಕವಿತೆ ಅಚ್ಚಾದದ್ದು 1911ರಲ್ಲಿ.

ಆರ್ಚ್‌ಡ್ಯೂಕ್‌ನನ್ನು ಕೊಂದವರ ಗುಂಪಿನಲ್ಲಿ ಇವರೂ ಇದ್ದರೇ?

ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಕೊಲೆಯ ಸಂಚಿನಲ್ಲಿ ಇರಲಿಲ್ಲ. ‘ಯುವ ಬೋಸ್ನಿಯಾ’ ಎಂದು ಕರೆಸಿಕೊಂಡ, ಆಸ್ಟ್ರಿಯಾದ ಆಳ್ವಿಕೆಯನ್ನು ವಿರೋಧಿಸುತ್ತಿದ್ದ ವಿದ್ಯಾರ್ಥಿ ವಲಯದಲ್ಲಿ ಇದ್ದರು. ಗುಂಡು ಹಾರಿಸಿದ ಗವ್ರಿಲೊ ಪ್ರಿನ್ಸಿಪ್‌ನ ಪರಿಚಯವೂ ಇತ್ತು. 1914ರ ಜೂನ್ 28ರಂದು ಸರಾಯೆವೊದಲ್ಲಿ ಗುಂಡು ಹಾರಿದಾಗ ಆಂದ್ರಿಚ್ ಪೋಲೆಂಡಿನ ಕ್ರಾಕೋವ್‌ನಲ್ಲಿ ಓದುತ್ತಿದ್ದರು. ಅದಕ್ಕೂ ಮೊದಲು ಝಾಗ್ರೆಬ್, ವಿಯೆನ್ನಾ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದಿದ್ದರು. ಸುದ್ದಿ ಕೇಳಿ ಹೊರಟು ಬಂದವರನ್ನು ಜುಲೈ ಕೊನೆಯಲ್ಲಿ ಸ್ಪ್ಲಿತ್ ನಗರದಲ್ಲಿ ಬಂಧಿಸಿದರು. ಸ್ಪ್ಲಿತ್, ಶಿಬೆನಿಕ್, ಮಾರಿಬೋರ್ ಜೈಲುಗಳಲ್ಲಿ 1915ರ ಮಾರ್ಚ್‌ವರೆಗೆ ಇದ್ದು, ಆಮೇಲೆ ಬೋಸ್ನಿಯಾದ ಹಳ್ಳಿಯೊಂದರಲ್ಲಿ ಕಣ್ಗಾವಲಿನ ವಾಸ. 1917ರಲ್ಲಿ ಕ್ಷಮಾದಾನ ಸಿಕ್ಕಿತು. 1918ರ ‘ಎಕ್ಸ್ ಪೊಂತೊ’ ಮತ್ತು 1920ರ ‘ನೆಮಿರಿ’ ಎಂಬ ಗದ್ಯಕವನಗಳ ಪುಸ್ತಕಗಳು ಈ ಒಂಟಿತನದಿಂದ ಬಂದವು. ಕಾದಂಬರಿಗಳನ್ನು ಓದಿ ಮೆಚ್ಚಿದವರಿಗೆ ಇವು ಅಷ್ಟಾಗಿ ಹಿಡಿಸುವುದಿಲ್ಲ. ಇಲ್ಲಿ ‘ನಾನು’ ಬಹಳ, ಊರು ಕಡಿಮೆ.

ಹಿಟ್ಲರನ ಬರ್ಲಿನ್‌ನಲ್ಲಿ ರಾಯಭಾರಿಯಾಗಿದ್ದರಂತೆ, ನಿಜವೇ?

ನಿಜ. 1920ರಲ್ಲಿ ವ್ಯಾಟಿಕನ್ ಕಚೇರಿಯಲ್ಲಿ ಶುರುವಾದ ಸೇವೆ ಬುಕಾರೆಸ್ಟ್, ತ್ರಿಯೆಸ್ತೆ, ಗ್ರಾತ್ಸ್, ಮಾರ್ಸೇಲ್, ಪ್ಯಾರಿಸ್, ಮ್ಯಾಡ್ರಿಡ್, ಬ್ರಸೆಲ್ಸ್, ಜಿನೀವಾಗಳನ್ನು ಸುತ್ತಿ ಬಂತು. ನಡುವೆ ಒಂದು ತೊಡಕೂ ಎದುರಾಯಿತು. ಪದವಿ ಪೂರೈಸದವರಿಗೆ ಆ ಹುದ್ದೆಯಲ್ಲಿ ಮುಂದುವರಿಯಲು ಅವಕಾಶವಿರಲಿಲ್ಲ, ಹಾಗಾಗಿ ಗ್ರಾತ್ಸ್‌ನಲ್ಲಿದ್ದಾಗ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದು 1924ರಲ್ಲಿ ಡಾಕ್ಟರೇಟ್ ಪಡೆದರು. 1937ರಲ್ಲಿ ಬೆಲ್‌ಗ್ರೇಡಿನಲ್ಲಿ ವಿದೇಶಾಂಗ ಮಂತ್ರಿಯ ಸಹಾಯಕರಾದರು, 1939ರಲ್ಲಿ ಬರ್ಲಿನ್‌ಗೆ ರಾಯಭಾರಿಯಾಗಿ ಹೋದರು. ನಾಜಿಗಳು ಕ್ರಾಕೋವ್‌ನ ಪ್ರಾಧ್ಯಾಪಕರನ್ನು ಹಿಡಿದೊಯ್ದಾಗ ಅವರನ್ನು ಬಿಡಿಸಲು ಪ್ರಯತ್ನಪಟ್ಟರು.

1941ರ ಮಾರ್ಚ್ 25ರಂದು ಯುಗೊಸ್ಲಾವಿಯಾ ವಿಯೆನ್ನಾದಲ್ಲಿ ಜರ್ಮನಿಯ ಕೂಟಕ್ಕೆ ಸೇರಿತು. ಸಹಿ ಹಾಕಿದ್ದು ಪ್ರಧಾನಿ ಮತ್ತು ವಿದೇಶಾಂಗ ಮಂತ್ರಿ. ಕೆಲಸದಿಂದ ಬಿಡುಗಡೆ ಕೋರಿದ್ದ ಆಂದ್ರಿಚ್ ರಾಯಭಾರಿಯಾಗಿ ಆ ಸಮಾರಂಭದಲ್ಲಿ ಹಾಜರಿದ್ದರು. ಎರಡು ದಿನಕ್ಕೆ ಬೆಲ್‌ಗ್ರೇಡಿನಲ್ಲಿ ಸರ್ಕಾರ ಉರುಳಿತು, ಏಪ್ರಿಲ್ 6ರಂದು ಜರ್ಮನ್ ವಿಮಾನಗಳು ನಗರದ ಮೇಲೆ ಬಾಂಬು ಸುರಿದವು. ‘ಹಿಟ್ಲರ್ ಜೊತೆ ಒಪ್ಪಂದಕ್ಕೆ ಸಹಿ ಮಾಡಿದ ಸಾಹಿತಿ’ ಎಂದು ಬರೆಯುವುದು ತಪ್ಪು. ಅವರು ಅಲ್ಲಿ ಇರಲೇ ಇಲ್ಲ ಎನ್ನುವುದೂ ಅಷ್ಟೇ ತಪ್ಪು.

ಮೂರು ಕಾದಂಬರಿಗಳೂ ಒಂದೇ ವರ್ಷ ಬಂದದ್ದು ಹೇಗೆ?

ಬರೆದದ್ದು ಒಂದೇ ವರ್ಷದಲ್ಲಲ್ಲ, ಅಚ್ಚಾದದ್ದು ಒಂದೇ ವರ್ಷ. ಆಕ್ರಮಿತ ಬೆಲ್‌ಗ್ರೇಡಿಗೆ ಮರಳಿದ ಆಂದ್ರಿಚ್, ಪ್ರಿಜ್ರೆನ್ಸ್ಕಾ ಬೀದಿಯಲ್ಲಿ ಸ್ನೇಹಿತರೊಬ್ಬರ ಮನೆಯ ಕೋಣೆಯಲ್ಲಿ ಯುದ್ಧ ಮುಗಿಯುವವರೆಗೂ ಇದ್ದರು. ಪಿಂಚಣಿ ಬೇಡವೆಂದರು. ಪ್ರತಿರೋಧವನ್ನು ಖಂಡಿಸುವ ‘ಸರ್ಬಿಯನ್ ಜನತೆಗೆ ಮನವಿ’ಗೆ 1941ರಲ್ಲಿ ಸಹಿ ಹಾಕಲಿಲ್ಲ. ಜರ್ಮನರ ಆಳ್ವಿಕೆ ಇರುವ ತನಕ ಏನನ್ನೂ ಪ್ರಕಟಿಸುವುದಿಲ್ಲ ಎಂದು ಕೂತರು. ‘ತ್ರಾವ್ನಿಕ್ ವೃತ್ತಾಂತ’ 1942ರಲ್ಲಿ ಮುಗಿಯಿತು, ‘ದ್ರೀನಾ ನದಿಯ ಸೇತುವೆ’ 1942ರ ಜುಲೈಯಿಂದ 1943ರ ಡಿಸೆಂಬರ್‌ವರೆಗೆ ಹಿಡಿಯಿತು, ‘ಗೊಸ್ಪೊಜಿತ್ಸಾ’ ಕೂಡ ಅದೇ ಕೋಣೆಯದು. 1945ರಲ್ಲಿ ಮೂರೂ ಹೊರಬಂದವು.

ಆದರೆ ತಯಾರಿ ಬಹಳ ಹಿಂದಿನದು. ಪ್ಯಾರಿಸ್‌ನಲ್ಲಿ ನೌಕರಿಯಲ್ಲಿದ್ದಾಗಲೇ ಪತ್ರಾಗಾರದಲ್ಲಿ ಕೂತು, ನೆಪೋಲಿಯನ್ ಕಾಲದಲ್ಲಿ ತ್ರಾವ್ನಿಕ್‌ನಲ್ಲಿದ್ದ ಫ್ರೆಂಚ್ ಕಾನ್ಸಲ್ ಪಿಯೇರ್ ದಾವೀದ್ ಕಳಿಸಿದ್ದ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡಿದ್ದರು. ಕಾದಂಬರಿಯ ದಾವಿಲ್ ಆ ಮನುಷ್ಯನೇ. ಹದಿನೈದು ವರ್ಷದ ಟಿಪ್ಪಣಿ ಕೈಯಲ್ಲಿದ್ದು, ಹೊರಗೆ ಹೋಗುವ ಹಾಗಿಲ್ಲದೆ, ಕಚೇರಿ ಕೆಲಸವೂ ಇಲ್ಲದಾಗ ಮೂರು ಪುಸ್ತಕ ಆಗುವುದು ಪವಾಡವೇನಲ್ಲ.

ಮೊದಲು ಯಾವುದನ್ನು ಓದಲಿ?

ನೇರವಾಗಿ ‘ದ್ರೀನಾ ನದಿಯ ಸೇತುವೆ’ಗೇ ಹೋಗುವವರು ಹೆಚ್ಚು, ಅರ್ಧಕ್ಕೆ ಬಿಡುವವರೂ ಅವರೇ ಹೆಚ್ಚು. ನಮ್ಮ ಸಲಹೆ ಇದು: ಮೊದಲು ‘ಝೇಪಾ ಸೇತುವೆ’ ಎಂಬ 1925ರ ಸಣ್ಣಕಥೆ. ಹತ್ತಾರು ಪುಟದಲ್ಲಿ ಆಂದ್ರಿಚ್‌ರ ಇಡೀ ಹತಾರ ಪೆಟ್ಟಿಗೆ ಅಲ್ಲಿದೆ. ದೂರದ ಊರಿನ ವಜೀರ, ಮಾತಾಡದ ಶಿಲ್ಪಿ, ಹುಟ್ಟೂರಿಗೊಂದು ಸೇತುವೆ, ಕೊನೆಗೆ ಶಾಸನವೇ ಇಲ್ಲದ ಕಲ್ಲು. ಆಮೇಲೆ 1954ರ ‘ಪ್ರೊಕ್ಲೆತಾ ಅವ್ಲಿಯಾ’, ಅಂದರೆ ‘ಶಾಪಗ್ರಸ್ತ ಅಂಗಳ’, ನೂರು ಚಿಲ್ಲರೆ ಪುಟ. ಮೂರನೆಯದಾಗಿ ಸೇತುವೆ. ‘ತ್ರಾವ್ನಿಕ್ ವೃತ್ತಾಂತ’ ಕೊನೆಗಿರಲಿ.

ಇಂಗ್ಲಿಷಿನಲ್ಲಿ ಓದುವವರಿಗೆ ಸೇತುವೆ ಸಿಗುವುದು ಲೊವೆಟ್ ಎಡ್ವರ್ಡ್ಸ್ ಅವರ 1959ರ ಅನುವಾದದಲ್ಲಿ. ‘ಶಾಪಗ್ರಸ್ತ ಅಂಗಳ’ಕ್ಕೆ ಸೀಲಿಯಾ ಹಾಕ್ಸ್‌ವರ್ತ್ ಅವರದನ್ನು ಹುಡುಕಿ. ಕೊಳ್ಳುವ ಮುನ್ನ ಒಂದು ಎಚ್ಚರ: ಒಂದೇ ಪುಸ್ತಕಕ್ಕೆ ಎರಡು ಮೂರು ಇಂಗ್ಲಿಷ್ ಹೆಸರುಗಳಿವೆ. ‘ಬೋಸ್ನಿಯನ್ ಕ್ರಾನಿಕಲ್’, ‘ದ ಡೇಸ್ ಆಫ್ ದ ಕಾನ್ಸಲ್ಸ್’ ಎರಡೂ ‘ತ್ರಾವ್ನಿಕ್ ವೃತ್ತಾಂತ’ವೇ. ‘ಡೆವಿಲ್ಸ್ ಯಾರ್ಡ್’, ‘ದ ಡ್ಯಾಮ್ಡ್ ಯಾರ್ಡ್’ ಕೂಡ ಒಂದೇ. ‘ದ ವುಮನ್ ಫ್ರಮ್ ಸರಾಯೆವೊ’ ಎಂದರೆ ‘ಗೊಸ್ಪೊಜಿತ್ಸಾ’.

ಸೇತುವೆ ಕಾದಂಬರಿಯ ನಾಯಕ ಯಾರು? ಪಾತ್ರಗಳು ಬಂದು ಹೋಗುತ್ತಲೇ ಇರುತ್ತವಲ್ಲ?

ನಾಯಕನನ್ನು ಹುಡುಕುತ್ತಾ ಹೋದರೆ ಐದನೆಯ ಅಧ್ಯಾಯಕ್ಕೇ ಬೇಸರ ಬರುತ್ತದೆ. ಯಾರೊಬ್ಬರನ್ನು ಹಚ್ಚಿಕೊಳ್ಳುವ ಹೊತ್ತಿಗೆ ಅವರು ಸತ್ತಿರುತ್ತಾರೆ, ಐವತ್ತು ವರ್ಷ ಕಳೆದಿರುತ್ತದೆ. ‘ನಾಲ್ಕು ಶತಮಾನದ ಕಥೆ’ ಎಂಬ ಹಿಂಬದಿಯ ಒಕ್ಕಣೆಯೂ ದಾರಿ ತಪ್ಪಿಸುತ್ತದೆ. ಇರುವ ಇಪ್ಪತ್ತನಾಲ್ಕು ಅಧ್ಯಾಯಗಳಲ್ಲಿ ಮೊದಲ ಎಂಟು 1516ರಿಂದ ಹೊರಟು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಸಾಗುತ್ತವೆ. ಒಂಬತ್ತನೆಯದರಲ್ಲಿ ಆಸ್ಟ್ರಿಯಾದ ಸೈನ್ಯ ಬರುತ್ತದೆ. ಉಳಿದ ಹದಿನಾರು ಅಧ್ಯಾಯಗಳೂ 1878ರಿಂದ 1914ರವರೆಗಿನ ಮೂವತ್ತಾರೇ ವರ್ಷಕ್ಕೆ ಮೀಸಲು. ಎಂದರೆ ಇದು ಮುಖ್ಯವಾಗಿ ಒಂದು ಹಳೆಯ ಊರಿಗೆ ಹೊಸ ಆಡಳಿತ, ಲೆಕ್ಕಪತ್ರ, ನಲ್ಲಿನೀರು, ರೈಲು ಬಂದ ಕಥೆ. 1906ರಲ್ಲಿ ಸರಾಯೆವೊದಿಂದ ಕಿರುಗೇಜು ರೈಲು ಬಂದ ಮೇಲೆ ಜನ ಆ ದಾರಿಗೆ ಸೇತುವೆ ದಾಟುವ ಅಗತ್ಯವೇ ಇಲ್ಲವಾಗುತ್ತದೆ. ಸೇತುವೆ ಮುರಿಯುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ.

ಹಿಡಿದುಕೊಳ್ಳಲು ಒಂದು ಜಾಗ ಬೇಕೆಂದರೆ ‘ಕಾಪಿಯಾ’ವನ್ನು ಹಿಡಿಯಿರಿ. ಸುಮಾರು ಇನ್ನೂರೈವತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಸೇತುವೆ ನಟ್ಟನಡುವೆ ಎರಡೂ ಕಡೆಗೆ ಅಗಲವಾಗುತ್ತದೆ. ಒಂದು ಬದಿಗೆ ಕೂರಲು ಕಲ್ಲಿನ ಜಗಲಿ. ಎದುರು ಬದಿಯಲ್ಲಿ ಆಳೆತ್ತರ ಮೀರಿದ ಗೋಡೆ, ಅದರಲ್ಲಿ ತುರ್ಕಿ ಶಾಸನದ ಬಿಳಿ ಅಮೃತಶಿಲೆ, ಅಲ್ಲೇ ಕೆಂಡದ ಒಲೆ ಇಟ್ಟುಕೊಂಡ ಕಾಫಿಯವನು. ಕಾದಂಬರಿಯಲ್ಲಿ ನಡೆಯುವ ಮುಖ್ಯ ಸಂಗತಿಗಳೆಲ್ಲ ಈ ಕೆಲವೇ ಅಡಿ ಜಾಗದಲ್ಲಿ ನಡೆಯುತ್ತವೆ. ಮದುವೆ ದಿಬ್ಬಣ ಇಲ್ಲಿಗೆ ಬಂದಾಗ ಫಾತಾ ಎಂಬ ಹುಡುಗಿ ಕುದುರೆಯಿಂದಲೇ ಕಟ್ಟೆ ದಾಟಿ ನದಿಗೆ ಹಾರುತ್ತಾಳೆ. ಕುಡಿದ ಚೋರ್ಕಾನ್ ಹಿಮಗಟ್ಟಿದ ಕಟ್ಟೆಯ ಮೇಲೆ ಕುಣಿಯುತ್ತಾ ದಾಟುತ್ತಾನೆ. ಆಸ್ಟ್ರಿಯಾದವರ ವಿರುದ್ಧ ಹೋರಾಡುವುದು ವ್ಯರ್ಥ ಎಂದ ಅಲಿಹೋಜಾನ ಕಿವಿಗೆ ಅವನದೇ ಮತದವರು ಇಲ್ಲಿ ಮೊಳೆ ಹೊಡೆಯುತ್ತಾರೆ, ತೋಳಿಗೆ ಕೆಂಪು ಶಿಲುಬೆ ಕಟ್ಟಿಕೊಂಡ ಆಸ್ಟ್ರಿಯನ್ ಸೈನಿಕ ಬಂದು ಇಕ್ಕಳದಲ್ಲಿ ಕೀಳುತ್ತಾನೆ. ಅಲಿಹೋಜಾ ಕೊನೆಯ ಪುಟದವರೆಗೂ ಇರುತ್ತಾನೆ. ದ್ವಿತೀಯಾರ್ಧಕ್ಕೆ ನಾಯಕನಂಥವನು ಬೇಕೇ ಬೇಕೆಂದರೆ ಅವನೇ.

ಓದುವಾಗ ಪ್ರತಿ ಅಧ್ಯಾಯದ ತಲೆಯಲ್ಲಿ ಪೆನ್ಸಿಲಿನಿಂದ ಇಸವಿ ಬರೆದುಕೊಳ್ಳಿ. ಪಠ್ಯದಲ್ಲಿ ಇಸವಿ ಸ್ಪಷ್ಟವಾಗಿ ಬರುವುದು ಕಡಿಮೆ, ‘ಎಪ್ಪತ್ತು ವರ್ಷದ ಮೇಲೆ’ ಎಂಬಂಥ ಸುಳಿವುಗಳೇ ಹೆಚ್ಚು. ಹದಿನೆಂಟು, ಹತ್ತೊಂಬತ್ತನೆಯ ಅಧ್ಯಾಯಗಳಲ್ಲಿ ರಜೆಗೆ ಬಂದ ವಿದ್ಯಾರ್ಥಿಗಳು ಕಾಪಿಯಾದಲ್ಲಿ ಕೂತು ರಾಷ್ಟ್ರ, ಸಮಾಜವಾದ ಎಂದು ವಾದಿಸುತ್ತಾರೆ. ಪುಸ್ತಕದ ಸಡಿಲ ಭಾಗ ಅದೇ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ವೇಗವಾಗಿ ಓದಿದರೆ ನಷ್ಟವೇನಿಲ್ಲ.

ಮೂರನೆಯ ಅಧ್ಯಾಯ ಓದಲಾಗುತ್ತಿಲ್ಲ. ಬಿಟ್ಟು ಮುಂದೆ ಹೋಗಬಹುದೇ?

ಸೇತುವೆಯ ಕೆಲಸವನ್ನು ರಾತ್ರಿ ಹೊತ್ತು ಕೆಡವುತ್ತಿದ್ದ ರಾದಿಸಾವ್ ಎಂಬ ರೈತನನ್ನು ಶೂಲಕ್ಕೇರಿಸುವ ಅಧ್ಯಾಯ ಅದು. ನಾಲ್ಕು ಅರ್ಷಿನ್ (ತುರ್ಕಿಯ ಹಳೆಯ ಅಳತೆ) ಉದ್ದದ ಓಕ್ ಕಂಬ, ತುದಿಗೆ ಕಬ್ಬಿಣದ ಮೊನೆ, ಮೈಗೆಲ್ಲ ಸವರಿದ ಕೊಬ್ಬು ಎಂದು ಶುರುವಾಗುವ ವರ್ಣನೆ ಎಲ್ಲಿಯೂ ಕಣ್ಣು ತಿರುಗಿಸುವುದಿಲ್ಲ. ಬರೆದವರ ದನಿ ಏರುವುದಿಲ್ಲ, ಕಸುಬುದಾರ ತನ್ನ ಕೆಲಸ ವಿವರಿಸಿದ ಹಾಗಿದೆ. ಹೊಟ್ಟೆ ತೊಳಸುವುದು ಅದಕ್ಕೇ. ಕಷ್ಟವಾದರೆ ಆ ಐದಾರು ಪುಟ ದಾಟಿಸಿ, ಆದರೆ ಅಧ್ಯಾಯದ ಮೊದಲ ಭಾಗ ಮತ್ತು ಮರುದಿನದ ಭಾಗ ಬಿಡಬೇಡಿ. ಬಿಟ್ಟಿ ದುಡಿಸುವ ಅಬಿದಾಗಾನ ಭಯ ಹೇಗೆ ಊರೊಳಗೆ ಇಳಿಯಿತು, ಹೆಣ ನೋಡಿದ ಜನ ಹೇಗೆ ಬದಲಾದರು ಎಂಬುದು ಅಲ್ಲಿದೆ. ಆ ಅಬಿದಾಗಾ ಸೇತುವೆಯ ದುಡ್ಡು ನುಂಗಿದವನು ಎಂಬುದು ಮುಂದೆ ಬಯಲಾಗಿ, ಅವನ ಜಾಗಕ್ಕೆ ಅರಿಫ್‌ಬೇಗ್ ಬರುತ್ತಾನೆ.

ಗೋಡೆಯೊಳಗೆ ಮಕ್ಕಳನ್ನು ಹುಗಿದ ಕಥೆ ನಮ್ಮ ‘ಕೆರೆಗೆ ಹಾರ’ದಂತೆಯೇ ಇದೆಯಲ್ಲ?

ಕನ್ನಡದ ಓದುಗರು ತಪ್ಪದೆ ಕೇಳುವ ಪ್ರಶ್ನೆ ಇದು, ಹೋಲಿಕೆ ಆಕಸ್ಮಿಕವಲ್ಲ. ಕಟ್ಟಡ ನಿಲ್ಲಲು ಜೀವ ಬಲಿ ಕೇಳುವ ಹಾಡುಗಳು ಬಾಲ್ಕನ್ನಿನ ಉದ್ದಗಲಕ್ಕೂ ಇವೆ. ಸ್ಕಾದರ್ ಕೋಟೆಯ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರ ಪೈಕಿ ಕಿರಿಯವನ ಹೆಂಡತಿಯನ್ನು ಗೋಡೆಗೆ ಸೇರಿಸಿ ಕಟ್ಟುತ್ತಾರೆ, ಮಗುವಿಗೆ ಹಾಲೂಡಿಸಲು ಕಿಂಡಿ ಬಿಡುತ್ತಾರೆ. ಕಲ್ಲನಕೇರಿಯ ಮಲ್ಲನಗೌಡ ಕೆರೆಗೆ ಬಲಿಯಾಗಿ ಆರಿಸಿದ್ದೂ ಕಿರಿಸೊಸೆ ಭಾಗೀರಥಿಯನ್ನೇ. ಭಾರತದ ಮತ್ತು ಬಾಲ್ಕನ್ನಿನ ಇಂಥ ಹಾಡುಗಳನ್ನು ಜಾನಪದ ವಿದ್ವಾಂಸರು ಒಟ್ಟಿಗಿಟ್ಟು ನೋಡಿದ್ದಾರೆ.

ಆಂದ್ರಿಚ್ ಇದನ್ನು ಬಳಸುವ ರೀತಿ ಮಾತ್ರ ಬೇರೆ, ಇಡೀ ಕಾದಂಬರಿಯಲ್ಲಿ ನಮಗೆ ಅತ್ಯಂತ ಇಷ್ಟವಾದ ಕೈಚಳಕವೂ ಅದೇ. ಒಂದನೆಯ ಅಧ್ಯಾಯದಲ್ಲಿ ಊರಿನ ಮಕ್ಕಳು ನಂಬುವ ಕಥೆಗಳನ್ನಷ್ಟೇ ಹೇಳುತ್ತಾರೆ. ರಾದೆ ಎಂಬ ಕಟ್ಟುಗಾರ ಸ್ತೋಯಾ, ಓಸ್ತೋಯಾ ಎಂಬ ಅವಳಿ ಹಸುಗೂಸುಗಳನ್ನು ಕಂಬದೊಳಗೆ ಸೇರಿಸಿ ಕಟ್ಟಿದ, ತಾಯಿ ಹಾಲೂಡಿಸಲೆಂದು ಕಿಂಡಿ ಬಿಟ್ಟ. ನಡುಗಂಬದ ಕತ್ತಲೆಯಲ್ಲಿ ಒಬ್ಬ ಕಪ್ಪು ಅರಬ್ಬ ಇದ್ದಾನೆ, ಕಂಡವರು ಬದುಕುವುದಿಲ್ಲ. ದಡದ ಬಂಡೆಯ ಮೇಲಿನ ಗುಳಿಗಳು ಗೊರಸಿನ ಗುರುತು. ಸರ್ಬ್ ಮಕ್ಕಳ ಪ್ರಕಾರ ಅದು ಜನಪದ ಹಾಡುಗಳ ವೀರ ಕ್ರಾಲ್ಯೆವಿಚ್ ಮಾರ್ಕೋನ ಕುದುರೆಯದು, ಮುಸ್ಲಿಂ ಮಕ್ಕಳ ಪ್ರಕಾರ ತಮ್ಮ ಹಾಡುಗಳ ವೀರ ಜೆರ್ಜೆಲೆಜ್ ಅಲಿಯಾನದು. ದಿಬ್ಬವೊಂದು ಸರ್ಬರಿಗೆ ರಾದಿಸಾವ್‌ನ ಸಮಾಧಿ, ಮುಸ್ಲಿಮರಿಗೆ ಶೇಖ್ ತುರ್ಹಾನಿಯಾನದು.

ಮುಂದಿನ ಮೂರು ಅಧ್ಯಾಯಗಳಲ್ಲಿ ಅದೇ ಕಥೆಗಳ ಬೇರುಗಳು ಕಾಣುತ್ತವೆ. ಸತ್ತು ಹುಟ್ಟಿದ ಅವಳಿಗಳನ್ನು ಹುಡುಕುತ್ತಾ ಕೆಲಸದ ಜಾಗದಲ್ಲಿ ಅಲೆಯುವ ಇಲಿಂಕಾ ಎಂಬ ಬುದ್ಧಿಭ್ರಮಣೆಯ ಹೆಂಗಸು. ನಡುಗಂಬಕ್ಕೆ ಕೂರಿಸುವಾಗ ಜಾರಿದ ಬಂಡೆಯ ಕೆಳಗೆ ಸಿಕ್ಕು ಜಜ್ಜಿಹೋದ, ಮೇಸ್ತ್ರಿ ಆಂತೊನಿಯೆಯ ನಗುಮುಖದ ಕಪ್ಪು ಸಹಾಯಕ. ‘ನಿಜವಾಗಿ ನಡೆದದ್ದು ಇದು’ ಎಂದು ಎಲ್ಲಿಯೂ ಬೆರಳು ತೋರಿಸುವುದಿಲ್ಲ. ಬೇಗ ಬೇಗ ಓದಿದವರಿಗೆ ಈ ಎಳೆಗಳು ತಪ್ಪಿಹೋಗುತ್ತವೆ, ಆದ್ದರಿಂದ ನಾಲ್ಕನೆಯ ಅಧ್ಯಾಯ ಮುಗಿದ ಕೂಡಲೆ ಹಿಂದಕ್ಕೆ ಬಂದು ಮೊದಲನೆಯದನ್ನು ಮತ್ತೊಮ್ಮೆ ಓದಿ. ಆಂದ್ರಿಚ್‌ರನ್ನು ಇತಿಹಾಸದ ಸಾಕ್ಷಿಯಾಗಿ ಓದಬಾರದು ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ನಡೆದ ಸಂಗತಿಯನ್ನು ಊರು ತನಗೆ ಬೇಕಾದ ಕಥೆಯಾಗಿ ಹೇಗೆ ಮಾಡಿಕೊಳ್ಳುತ್ತದೆ ಎಂಬುದು ಅವರ ವಿಷಯ.

ಹಾಗಾದರೆ ಕಾದಂಬರಿಯಲ್ಲಿ ಚಾರಿತ್ರಿಕವಾಗಿ ನಿಜ ಎಷ್ಟು?

ಸೇತುವೆ ಕಟ್ಟಿಸಿದ ಮೆಹಮದ್ ಪಾಶಾ ಸೊಕೊಲೊವಿಚ್ ನಿಜ. ಬೋಸ್ನಿಯಾದಿಂದ ಬಾಲಕನಾಗಿ ಹಿಡಿದೊಯ್ದು ಮತಾಂತರಿಸಿ ಬೆಳೆಸಿದವನು, 1565ರಿಂದ 1579ರಲ್ಲಿ ಕೊಲೆಯಾಗುವವರೆಗೆ ಮೂವರು ಸುಲ್ತಾನರಿಗೆ ಮಹಾವಜೀರ. ಸೇತುವೆಯ ಕಾಲ 1571–1577. ವಿನ್ಯಾಸ ಸುಲ್ತಾನರ ಮುಖ್ಯ ವಾಸ್ತುಶಿಲ್ಪಿ ಸಿನಾನ್‌ನದು, ಜನಪದದ ರಾದೆ ಮೇಸ್ತ್ರಿಯದಲ್ಲ. ಉದ್ದ 179.5 ಮೀಟರ್, ಹನ್ನೊಂದು ಕಮಾನು, ಒಂದೊಂದರ ಹರವು 11ರಿಂದ 15 ಮೀಟರ್. ಎಡದಂಡೆಯಲ್ಲಿ ಲಂಬಕೋನದಲ್ಲಿ ತಿರುಗುವ ಏರುದಾರಿಗೆ ಇನ್ನೂ ನಾಲ್ಕು ಕಮಾನು. 1914ರ ಯುದ್ಧದಲ್ಲಿ ಹಾನಿಯಾದದ್ದೂ ನಿಜ, ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಒಡೆದು ಆಮೇಲೆ ದುರಸ್ತಿಯಾಯಿತು. ಬಾಲಕನ ಎದೆಯಲ್ಲಿ ಕಪ್ಪು ಗೆರೆಯಂತೆ ಉಳಿದ ನೋವು, ಆ ನೋವು ತೀರಲೆಂದೇ ಸೇತುವೆ ಕಟ್ಟಿಸಿದ್ದು ಎಂಬುದು ಕಾದಂಬರಿಕಾರನ ಕಲ್ಪನೆ. ಪ್ರವಾಸಿ ಪುಸ್ತಿಕೆಗಳು ಅದನ್ನು ಚರಿತ್ರೆಯೆಂಬಂತೆ ಹೇಳುತ್ತವೆ.

ಉಳಿದ ಕಾದಂಬರಿಗಳು ಹೇಗಿವೆ?

‘ತ್ರಾವ್ನಿಕ್ ವೃತ್ತಾಂತ’ ನೆಪೋಲಿಯನ್ ಕಾಲದ್ದು, ಏಳೆಂಟು ವರ್ಷದ ಕಥೆ. ಒಬ್ಬ ಫ್ರೆಂಚ್ ಕಾನ್ಸಲ್, ಅವನಿಗೆ ಎದುರಾಳಿಯಾಗಿ ಆಸ್ಟ್ರಿಯಾದ ಕಾನ್ಸಲ್, ನಡುವೆ ಒಬ್ಬರಾದ ಮೇಲೊಬ್ಬರಂತೆ ಮೂವರು ವಜೀರರು. ಬೇಡದ ಊರಿಗೆ ವರ್ಗವಾಗಿ, ಉತ್ತರ ಬಾರದ ಪತ್ರ ಬರೆಯುತ್ತಾ ಕೂತ ನೌಕರರಿಗೆ ಈ ಪುಸ್ತಕ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ‘ಗೊಸ್ಪೊಜಿತ್ಸಾ’ದಲ್ಲಿ ರಾಯ್ಕಾ ಎಂಬ ಹೆಂಗಸು ತಂದೆಯ ದಿವಾಳಿ ನೋಡಿ ಲೇವಾದೇವಿಗಿಳಿದು ಜಿಪುಣತನದಲ್ಲೇ ಬದುಕು ಸವೆಸುತ್ತಾಳೆ. ಮೂರರಲ್ಲಿ ಸಣ್ಣದು ಅದೇ, ಸೊರಗಿದ್ದೂ ಅದೇ. 19ನೆಯ ಶತಮಾನದ ಆಟೋಮನ್ ಸೇನಾಪತಿ ಒಮೆರ್ ಪಾಶಾ ಲತಾಸ್ ಕುರಿತ ಕಾದಂಬರಿ ಪೂರ್ತಿಯಾಗದೆ ಉಳಿದು, ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು.

‘ಶಾಪಗ್ರಸ್ತ ಅಂಗಳ’ವನ್ನು ಸೇತುವೆಗಿಂತ ಮೇಲೆ ಇಡುವವರು ಕಡಿಮೆಯೇನಿಲ್ಲ, ನಾವೂ ಆ ಗುಂಪಿನವರೇ. ಕ್ರೈಸ್ತ ಸನ್ಯಾಸಿ ಪೆತಾರ್ ಸತ್ತಿದ್ದಾನೆ, ಹೊರಗೆ ಹಿಮ, ಒಳಗೆ ಇಬ್ಬರು ಸನ್ಯಾಸಿಗಳು ಅವನ ಹತಾರಗಳ ಪಟ್ಟಿ ಮಾಡುತ್ತಿದ್ದಾರೆ. ತಪ್ಪು ಅನುಮಾನದಿಂದ ಇಸ್ತಾಂಬುಲ್ ಜೈಲಿಗೆ ಬಿದ್ದಿದ್ದಾಗ ಅವನು ಕಂಡದ್ದನ್ನು ಒಬ್ಬ ಯುವಕ ನೆನೆಯುತ್ತಾನೆ. ಅದರೊಳಗೆ ಪೆತಾರ್‌ನ ಮಾತು, ಅವನ ಮಾತಿನೊಳಗೆ ಸ್ಮಿರ್ನಾದ ಹಾಯಿಮ್‌ನ ಮಾತು, ಅದರೊಳಗೆ ಚಾಮಿಲ್‌ನ ಕಥೆ, ನಟ್ಟನಡುವೆ ಸಿಂಹಾಸನಕ್ಕೆ ಅಣ್ಣ ಬಾಯಜೀದ್‌ನೊಂದಿಗೆ ಹೋರಾಡಿ ಸೋತ ಜೆಮ್ ಸುಲ್ತಾನನ ಚರಿತ್ರೆ. ಓದುಗರು ಎಡವುವುದು ‘ಈಗ ಮಾತಾಡುತ್ತಿರುವವರು ಯಾರು’ ಎಂಬಲ್ಲಿ. ದನಿ ಬದಲಾದಾಗಲೆಲ್ಲ ಅಂಚಿನಲ್ಲಿ ಒಂದು ಹೆಸರು ಗೀಚಿಕೊಳ್ಳಿ. ಜೆಮ್‌ನ ಬಗ್ಗೆ ಓದುತ್ತಾ ಓದುತ್ತಾ ಚಾಮಿಲ್ ‘ಅವನೇ ನಾನು’ ಎನ್ನುವ ಕ್ಷಣ ಆಗ ತಾನಾಗಿ ತಟ್ಟುತ್ತದೆ. ಕೈದಿಗಳನ್ನು ನಗಿಸಿ ಅಳಿಸಿ ತಪ್ಪೊಪ್ಪಿಸುವ ಜೈಲಧಿಕಾರಿ ಕರಾಜೋಜ್‌ನಂಥ ಪಾತ್ರವನ್ನು ಆಂದ್ರಿಚ್ ಇನ್ನೆಲ್ಲೂ ಬರೆದಿಲ್ಲ.

‘ಬೋಸ್ನಿಯಾ ದ್ವೇಷದ ನಾಡು’ ಎಂದು ಆಂದ್ರಿಚ್ ಹೇಳಿದ್ದಾರಲ್ಲವೇ?

ಹೇಳಿದ್ದು ಮಾಕ್ಸ್ ಲೆವೆನ್‌ಫೆಲ್ಡ್ ಎಂಬ ಪಾತ್ರ, ‘1920ರ ಒಂದು ಪತ್ರ’ ಎಂಬ ಕಥೆಯಲ್ಲಿ. 1990ರ ದಶಕದ ಯುದ್ಧದ ಹೊತ್ತಿಗೆ ಈ ಮಾತನ್ನು ಸಂದರ್ಭದಿಂದ ಕಿತ್ತು ಲೇಖಕರ ತೀರ್ಪೆಂಬಂತೆ ಎಲ್ಲೆಡೆ ಬಳಸಿದರು. ಆ ಪತ್ರದಲ್ಲೊಂದು ಅಪೂರ್ವ ಭಾಗವಿದೆ. ಸರಾಯೆವೊದ ರಾತ್ರಿಯಲ್ಲಿ ಎಚ್ಚರವಾಗಿ ಮಲಗಿದವನಿಗೆ ಕ್ಯಾಥೊಲಿಕ್ ಚರ್ಚಿನ ಗಡಿಯಾರ ಎರಡು ಹೊಡೆಯುವುದು ಕೇಳುತ್ತದೆ. ಎಪ್ಪತ್ತೈದು ಸೆಕೆಂಡು ಬಿಟ್ಟು ಆರ್ಥೊಡಾಕ್ಸ್ ಚರ್ಚು ತನ್ನ ಎರಡನ್ನು ಹೊಡೆಯುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಬೇಗ್ ಮಸೀದಿಯ ಗಡಿಯಾರ ಗೋಪುರ ತುರ್ಕಿ ಲೆಕ್ಕದಲ್ಲಿ ಹನ್ನೊಂದು ಹೊಡೆಯುತ್ತದೆ. ಯಹೂದಿಗಳಿಗೆ ಗಡಿಯಾರವೇ ಇಲ್ಲ. ಇಷ್ಟನ್ನು ಉಲ್ಲೇಖಿಸುವವರು ಕಥೆಯ ಅಂತ್ಯವನ್ನು ಬಿಡುತ್ತಾರೆ. ದ್ವೇಷ ತಾಳಲಾರದೆ ಬೋಸ್ನಿಯಾ ಬಿಟ್ಟು ಪ್ಯಾರಿಸ್ಸಿನಲ್ಲಿ ವೈದ್ಯನಾದ ಮಾಕ್ಸ್, ಸ್ಪೇನಿನ ಅಂತರ್ಯುದ್ಧಕ್ಕೆ ಸ್ವಯಂಸೇವಕನಾಗಿ ಹೋಗಿ ಆಸ್ಪತ್ರೆಯ ಮೇಲೆ ಬಿದ್ದ ಬಾಂಬಿಗೆ ಸಾಯುತ್ತಾನೆ. ಅಂತ್ಯವನ್ನು ಸೇರಿಸಿಕೊಂಡು ಓದಿದರೆ ‘ಬೋಸ್ನಿಯಾ ಮಾತ್ರ ಹೀಗೆ’ ಎಂಬ ವಾದ ನಿಲ್ಲುವುದಿಲ್ಲ.

ಬೋಸ್ನಿಯಾದ ಮುಸ್ಲಿಮರಲ್ಲಿ ಕೆಲವರಿಗೆ ಇವರ ಮೇಲೆ ಸಿಟ್ಟೇಕೆ?

1924ರ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ಬೋಸ್ನಿಯಾದ ಬೌದ್ಧಿಕ ಬದುಕಿನ ಮೇಲೆ ತುರ್ಕಿ ಆಳ್ವಿಕೆಯ ಪರಿಣಾಮ ಸಂಪೂರ್ಣ ಕೆಟ್ಟದ್ದೇ ಎಂದು ಬರೆದಿದ್ದರು. ಕಾದಂಬರಿಗಳಲ್ಲೂ ಅದೇ ಕಣ್ಣು ಇದೆ ಎಂಬುದು ಆಕ್ಷೇಪ. ಶೂಲದ ಅಧ್ಯಾಯವನ್ನು ಮುಖ್ಯ ಉದಾಹರಣೆಯಾಗಿ ಕೊಡುತ್ತಾರೆ. ವಿಶೆಗ್ರಾದ್‌ನಲ್ಲಿದ್ದ ಅವರ ಸ್ಮಾರಕವನ್ನು 1991ರಲ್ಲಿ ಒಡೆದುಹಾಕಿದರು. ಮರುವರ್ಷ ಅದೇ ಊರಿನಲ್ಲಿ ಬೋಸ್ನಿಯಾಕ್ ಮುಸ್ಲಿಂ ನಾಗರಿಕರನ್ನು ಸರ್ಬ್ ಪಡೆಗಳು ಕೊಂದವು. ಆ ಸೇತುವೆಯೂ ಕೊಲೆಯ ಜಾಗವಾಯಿತು ಎಂಬುದು ಹೇಗ್ ನ್ಯಾಯಮಂಡಳಿಯ ವಿಚಾರಣೆಗಳಲ್ಲಿ ದಾಖಲಾಗಿದೆ. ಅಲ್ಬೇನಿಯಾವನ್ನು ಹಂಚಿಕೊಳ್ಳುವ ಕುರಿತು 1939ರಲ್ಲಿ ಸಿದ್ಧಪಡಿಸಿದ ಟಿಪ್ಪಣಿಯೂ ಅವರ ಹೆಸರಿನಲ್ಲಿದೆ.

ಪ್ರಬಂಧದ ಮೇಲಿನ ಆಕ್ಷೇಪ ನ್ಯಾಯವಾದದ್ದು. ಕಾದಂಬರಿಯನ್ನು ಪ್ರಬಂಧದ ಬಾಲ ಎಂದು ಓದುವುದು ಅಷ್ಟು ಸರಿಯಲ್ಲ. ಅಲಿಹೋಜಾನಷ್ಟು ಮಮತೆಯಿಂದ ಬರೆದ ಪಾತ್ರ ಆ ಪುಸ್ತಕದಲ್ಲಿ ಇನ್ನೊಂದಿಲ್ಲ.

ಅವರು ಸರ್ಬಿಯಾದವರೋ ಕ್ರೊಯೇಷಿಯಾದವರೋ ಬೋಸ್ನಿಯಾದವರೋ?

ಮೂರೂ ಕಡೆಯವರು ಪಠ್ಯದಲ್ಲಿ ಇಡುತ್ತಾರೆ. ಹುಟ್ಟು ಬೋಸ್ನಿಯಾದ ಕ್ರೊಯೇಟ್ ಕ್ಯಾಥೊಲಿಕ್ ಮನೆಯಲ್ಲಿ. ಬೆಲ್‌ಗ್ರೇಡಿಗೆ ಹೋದ ಮೇಲೆ ಬರವಣಿಗೆಯನ್ನು ಅಲ್ಲಿನ ಭಾಷಾರೂಪಕ್ಕೆ ಬದಲಿಸಿಕೊಂಡರು. ಕಥೆಗಳ ನೆಲವೆಲ್ಲ ಬೋಸ್ನಿಯಾ. ಪ್ರಬಂಧ, ಪರಿಚಯ ಬರೆಯುವಾಗ ‘ಯುಗೊಸ್ಲಾವ್ ಲೇಖಕ’ ಎಂದು ಬರೆದರೆ ತಪ್ಪಾಗುವುದಿಲ್ಲ.

ನೊಬೆಲ್ ಯಾವ ಕೃತಿಗೆ ಬಂತು?

ಒಂದೇ ಕೃತಿಗಲ್ಲ. ತಮ್ಮ ನಾಡಿನ ಇತಿಹಾಸದಿಂದ ಆಯ್ದ ವಸ್ತುಗಳನ್ನೂ ಮನುಷ್ಯರ ವಿಧಿಯನ್ನೂ ಮಹಾಕಾವ್ಯದ ಕಸುವಿನಿಂದ ಚಿತ್ರಿಸಿದ್ದಕ್ಕೆ ಎಂದು ಅಕಾಡೆಮಿ ಹೇಳಿತು. ಆ ವರ್ಷದ ಕಡತಗಳು ಐವತ್ತು ವರ್ಷದ ಮೇಲೆ ತೆರೆದಾಗ ಗ್ರಹಾಂ ಗ್ರೀನ್, ಕಾರೆನ್ ಬ್ಲಿಕ್ಸೆನ್, ಟೋಲ್ಕಿನ್ ಹೆಸರುಗಳೂ ಪಟ್ಟಿಯಲ್ಲಿದ್ದದ್ದು ತಿಳಿಯಿತು. ಬಂದ ಹಣವನ್ನು ಆಂದ್ರಿಚ್ ಬೋಸ್ನಿಯಾದ ಗ್ರಂಥಾಲಯಗಳಿಗೆ ಕೊಟ್ಟರು.

ಆ ಊರುಗಳನ್ನು ನೋಡಲು ಹೋಗುವವರು ಏನು ತಿಳಿದಿರಬೇಕು?

ವಿಶೆಗ್ರಾದ್ ಸರಾಯೆವೊದಿಂದ ರಸ್ತೆಯಲ್ಲಿ ಸುಮಾರು 110–120 ಕಿ.ಮೀ. ಕಾದಂಬರಿಯ ರೈಲು ನಂಬಿ ಹೊರಡಬೇಡಿ, ಆ ಮಾರ್ಗ 1978ರಲ್ಲೇ ಮುಚ್ಚಿತು. 2007ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸೇತುವೆಯ ಮೇಲೆ ನಡೆದೇ ಹೋಗಬೇಕು. ಕಾಪಿಯಾದಲ್ಲಿ ಕೂರಬಹುದು, ಶಾಸನ ಎದುರಿಗೇ ಇದೆ. ಪುಸ್ತಕದ ಭೋರ್ಗರೆವ ದ್ರೀನಾ ಸಿಗುವುದಿಲ್ಲ, ಮೇಲೂ ಕೆಳಗೂ ಜಲವಿದ್ಯುತ್ ಅಣೆಕಟ್ಟುಗಳು ಬಂದಿವೆ. ಪಕ್ಕದಲ್ಲೇ ಇರುವ ಕಲ್ಲಿನ ಪೇಟೆ ಆಂದ್ರಿಚ್‌ಗ್ರಾದ್ ಹಳೆಯ ಊರಲ್ಲ. ಚಿತ್ರ ನಿರ್ದೇಶಕ ಎಮಿರ್ ಕುಸ್ತುರಿತ್ಸಾ ಹೊಸದಾಗಿ ಕಟ್ಟಿಸಿ 2014ರಲ್ಲಿ ತೆರೆದದ್ದು. ಬೆಲ್‌ಗ್ರೇಡಿನಲ್ಲಿ ‘ಆಂದ್ರಿಚೆವ್ ವೇನಾತ್ಸ್ 8’ ಎಂಬ ವಿಳಾಸದಲ್ಲಿ ಅವರು ಪತ್ನಿ, ರಂಗಭೂಮಿಯ ವಸ್ತ್ರವಿನ್ಯಾಸಕಿ ಮಿಲಿತ್ಸಾ ಬಾಬಿಚ್ ಜೊತೆ ವಾಸವಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಬರೆಯುವ ಕೋಣೆಯನ್ನು ಇದ್ದ ಹಾಗೇ ಉಳಿಸಿದ್ದಾರೆ. ತ್ರಾವ್ನಿಕ್‌ನಲ್ಲೂ ಜನ್ಮಸ್ಥಳದ ಹೆಸರಿನ ಒಂದು ಮನೆ ಇದೆ.

ಅಂತರ್ಜಾಲದಲ್ಲಿ ಸಿಗುವ ಆಂದ್ರಿಚ್ ನುಡಿಮುತ್ತುಗಳನ್ನು ಬಳಸಬಹುದೇ?

ಪುಸ್ತಕದ ಹೆಸರು ಇಲ್ಲದಿದ್ದರೆ ಬಳಸಬೇಡಿ. ಅವರು ಹೇಳದ ಮಾತುಗಳು ಅವರ ಹೆಸರಿನಲ್ಲಿ ಬಹಳ ಓಡಾಡುತ್ತವೆ, ಅದರಲ್ಲೂ ರಾಜಕೀಯದ ಕುರಿತಾದವು. ನಿಜವಾಗಿ ಚಿಕ್ಕ ಚಿಕ್ಕ ಟಿಪ್ಪಣಿಗಳೇ ಬೇಕೆಂದರೆ, ಜೀವಮಾನವಿಡೀ ಬರೆದಿಟ್ಟುಕೊಂಡ ‘ದಾರಿಬದಿಯ ಗುರುತುಗಳು’ ಎಂಬ ಸಂಕಲನ ಅವರು ತೀರಿಕೊಂಡ ಮರುವರ್ಷ ಪ್ರಕಟವಾಗಿದೆ. ಪಾತ್ರದ ಬಾಯಿಯ ಮಾತನ್ನು ಉಲ್ಲೇಖಿಸುವಾಗ ಪಾತ್ರದ ಹೆಸರನ್ನೂ ಸೇರಿಸಿ.